ರೈಫಲ್ಲಿನ ಬೋಲ್ಟಿನಲ್ಲಿರುವ ಬೀಗವನ್ನು ತೆಗೆಸಬಹುದೇ?

ಪ್ರಶ್ನೆ: ಮಾನ್ಯರೇ, ನಾನು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನೆಲೆಸಿರುವ ಕೊಡಗಿನವನು. ನವೆಂಬರ್ 15ರಂದು ಇಲ್ಲಿ ಬಂದೂಕಿನ ಜಿಂಕೆ ಬೇಟೆ ಆರಂಭವಾಗುತ್ತದೆ. ಪರವಾನಗಿ ಪಡೆದು ಗೆಳೆಯರೊಡನೆ ಉತ್ತರದ ಕಾಡಿಗೆ ಹೋಗುವುದು ನನ್ನ ರೂಢಿ. ಈಚೆಗೆ ಪರಿಚಿತರೊಬ್ಬರಿಂದ ರೆಮಿಂಗ್ಟನ್ 700 ಮಾದರಿಯ, .270 ವಿಂಚೆಸ್ಟರ್ ತೋಟಾ ಬಳಸುವ ರೈಫಲ್ ಕೊಂಡಿದ್ದೇನೆ. ಅದರ ಬೋಲ್ಟಿನ (ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ದಂಡದ) ಹಿಂತುದಿಯಲ್ಲಿ ಕಾರ್ಖಾನೆಯಲ್ಲೇ ಕೂರಿಸಿದ ಪುಟ್ಟ ಬೀಗವಿದ್ದು, ಬೀಗದ ಕೈ ಒಂದೇ ಉಳಿದಿದೆ. ಅದು ಕಳೆದುಹೋದರೆ ಗತಿಯೇನು ಎಂಬ ಚಿಂತೆಯಿಂದ, ಬೀಗವಿಲ್ಲದ ಭಾಗವನ್ನು ಹಾಕಿಸಬೇಕೆಂದಿದ್ದೇನೆ. ಇದಕ್ಕೆ ಕಾನೂನಿನ ತೊಡಕಿದೆಯೇ? ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಗೆಳೆಯರೊಬ್ಬರ ಬಳಿ 1970ರ ದಶಕದ ಇದೇ ಮಾದರಿಯ ರೈಫಲ್ ಇದೆ. ಅದರಲ್ಲಿ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಸನ್ನೆ) ಹಾಕಿದರೆ ಬೋಲ್ಟೇ ತೆರೆಯುವುದಿಲ್ಲ. ಅದೂ ಇದೇ ಬಗೆಯ ಬೀಗವೇ?

ಉತ್ತರ: ತೆಗೆಸಬಹುದು. ರೈಫಲ್ಲಿನ ಮಾಲೀಕರು ಇಂಥ ಬೀಗವನ್ನು ಬದಲಾಯಿಸಿಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸಿಲ್ಲ. 2005ರ ಮಕ್ಕಳ ಸುರಕ್ಷತಾ ಬೀಗದ ಕಾಯ್ದೆಯು ಪಿಸ್ತೂಲು, ರಿವಾಲ್ವರ್‌ಗಳಂಥ ಕೈಬಂದೂಕುಗಳ ಜೊತೆಗೆ ಬೀಗವನ್ನೂ ಒದಗಿಸಬೇಕೆಂದು ವ್ಯಾಪಾರಿಗಳಿಗೆ ವಿಧಿಸುತ್ತದೆಯೇ ಹೊರತು ರೈಫಲ್ಲುಗಳ ಗೋಜಿಗೆ ಹೋಗುವುದಿಲ್ಲ. ಆದರೆ ನಿಮ್ಮ ರಾಜ್ಯದ ಕಾನೂನು ಬೇರೆ ದಿಕ್ಕಿನಿಂದ ನಿಮಗೆ ಅನ್ವಯಿಸುತ್ತದೆ. 2024ರ ಫೆಬ್ರವರಿ 13ರಿಂದ ಮಿಶಿಗನ್ನಿನಲ್ಲಿ, 18 ವರ್ಷದೊಳಗಿನವರು ಇರುವ ಅಥವಾ ಬರುವ ಸಂಭವವಿರುವ ಕಡೆ, ಬಂದೂಕನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಬೇಕು, ಇಲ್ಲವೇ ತೋಟಾ ತೆಗೆದು, ಬೇರೆಯವರು ಹಾರಿಸಲಾಗದಂತೆ ಅದಕ್ಕೇ ಬೀಗ ಹಾಕಿಡಬೇಕು. ಈಗ ಬೋಲ್ಟಿನ ಬೀಗವೊಂದನ್ನೇ ನೀವು ನೆಚ್ಚಿಕೊಂಡಿದ್ದರೆ, ಅದನ್ನು ತೆಗೆಸಿದ ದಿನದಿಂದಲೇ ಆ ಕೆಲಸವನ್ನು ಇನ್ನೊಂದು ಬೀಗ ಮಾಡಬೇಕಾಗುತ್ತದೆ. ಆದುದರಿಂದ ಮೊದಲು ಉಕ್ಕಿನ ಬೀರುವೊಂದನ್ನು ಕೊಂಡು ಗೋಡೆಗೆ ಬಿಗಿಸಿ, ತೋಟಾಗಳನ್ನು ಬೇರೆ ಕಡೆ ಬೀಗದೊಳಗಿಡುವ ಏರ್ಪಾಡು ಮಾಡಿ, ಆಮೇಲೆ ರೈಫಲ್ಲನ್ನು ರಿಪೇರಿಗೆ ಒಯ್ಯಿರಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಕ್ರಮವನ್ನು ಹಿಂದುಮುಂದು ಮಾಡಬಾರದೆಂದು ಒತ್ತಿ ಹೇಳುತ್ತೇನೆ.

ನಿಮ್ಮ ರೈಫಲ್ಲಿನ ಬೀಗ 2000ದ ದಶಕದ ಮೊದಲ ವರ್ಷಗಳಲ್ಲಿ ಆ ಕಂಪನಿಯು ಅಳವಡಿಸುತ್ತಿದ್ದುದು. ಕೀಲಿಯ ಆಕಾರದಿಂದ ಅದಕ್ಕೆ ಜೆ-ಲಾಕ್ ಎಂಬ ಹೆಸರು ಬಂದಿದೆ. ಬೋಲ್ಟಿನೊಳಗೆ, ತೋಟಾದ ಹಿಂಬದಿಯ ಕೇಪಿಗೆ (ಪೆಟ್ಟು ಬಿದ್ದರೆ ಸಿಡಿಯುವ ಭಾಗಕ್ಕೆ) ಬಡಿಯುವ ಉದ್ದನೆಯ ಫೈರಿಂಗ್ ಪಿನ್ನು, ಅದನ್ನು ಸುತ್ತಿದ ಬಲವಾದ ಸ್ಪ್ರಿಂಗು, ಹಿಂದುಗಡೆ ಪಿನ್ನಿಗೆ ಸೇರಿಕೊಂಡು, ಟ್ರಿಗರ್ ಎಳೆಯುವವರೆಗೆ ಅದನ್ನು ಹಿಂದಕ್ಕೆ ಹಿಡಿದಿಡಲು ನೆರವಾಗುವ ಕಾಕಿಂಗ್ ಪೀಸ್ ಇರುತ್ತವೆ. ಇವನ್ನೆಲ್ಲ ಟೊಪ್ಪಿಯಂತೆ ಮುಚ್ಚಿ ಬೋಲ್ಟಿಗೆ ತಿರುಚಿ ಕೂರುವ ಭಾಗವೇ ಶ್ರೌಡ್. ಬೀಗ ಇರುವುದು ಈ ಶ್ರೌಡಿನಲ್ಲಿ. ಕೀಲಿ ತಿರುಗಿಸಿದಾಗ ಅದು ಫೈರಿಂಗ್ ಪಿನ್ನಿನ ಚಲನೆಯನ್ನೇ ತಡೆಯುವುದರಿಂದ ರೈಫಲ್ ಹಾರುವುದಿಲ್ಲ. ಶ್ರೌಡ್ ಒಂದನ್ನೇ ಬದಲಾಯಿಸಿದರೆ ಸಾಕೆಂದು ಹಲವರು ತಿಳಿಯುತ್ತಾರೆ. ಆದರೆ ಬೀಗವಿರುವ ಬೋಲ್ಟಿನ ಕಾಕಿಂಗ್ ಪೀಸ್ ಬೀಗವಿಲ್ಲದ ಶ್ರೌಡಿಗೆ ಸರಿಹೊಂದುವುದಿಲ್ಲವಾದ್ದರಿಂದ, ಪಿನ್ನು, ಸ್ಪ್ರಿಂಗು, ಕಾಕಿಂಗ್ ಪೀಸ್, ಶ್ರೌಡ್ ನಾಲ್ಕೂ ಕೂಡಿದ ಪೂರ್ತಿ ಜೋಡಣೆಯನ್ನೇ ಕೊಳ್ಳುವುದು ಸರಿ. ಕೊಳ್ಳುವಾಗ ನಿಮ್ಮದು ಉದ್ದನೆಯ ಆ್ಯಕ್ಷನ್ (ಉದ್ದ ತೋಟಾಗಳಿಗೆಂದು ಮಾಡಿದ ಬೋಲ್ಟಿನ ಯಂತ್ರಭಾಗ) ಎಂಬುದನ್ನು ಅಂಗಡಿಯವರಿಗೆ ಹೇಳಲೇಬೇಕು. .308ರಂಥ ಗಿಡ್ಡ ತೋಟಾದ ರೈಫಲ್ಲುಗಳ ಫೈರಿಂಗ್ ಪಿನ್ನು ನಿಮ್ಮದಕ್ಕೆ ಉದ್ದ ಸಾಲದು.

ಜೋಡಣೆಯನ್ನು ಬೋಲ್ಟಿಗೆ ತಿರುಚಿ ಕೂರಿಸುವುದು ಕಷ್ಟದ ಕೆಲಸವಲ್ಲ. ಕೂರಿಸಿದ ಮೇಲಿನ ಅಳತೆಯೇ ಮುಖ್ಯ. ಪಿನ್ನು ಮುಂದಕ್ಕೆ ಬಂದು ನಿಂತಾಗ ಅದರ ತುದಿಯು ಬೋಲ್ಟಿನ ಮುಖದಿಂದ ಸುಮಾರು ಒಂದೂವರೆ ಮಿಲಿಮೀಟರಿನಷ್ಟು ಹೊರಚಾಚಿರಬೇಕು. ಅದು ಕಡಿಮೆಯಾದರೆ ತೋಟಾದ ಕೇಪಿಗೆ ಸಾಕಷ್ಟು ಪೆಟ್ಟು ಬೀಳದೆ ಗುಂಡು ಹಾರದೆ ಉಳಿಯಬಹುದು. ಹೆಚ್ಚಾದರೆ ಕೇಪು ತೂತಾಗಿ, ಸುಡುವ ಅನಿಲವು ಬೋಲ್ಟಿನೊಳಕ್ಕೆ, ಅಲ್ಲಿಂದ ಗುರಿಯಿಡುವವನ ಮುಖದ ಕಡೆಗೆ ನುಗ್ಗಬಹುದು. ಈ ಅಳತೆಗೆ ಸಲಕರಣೆ ಬೇಕು, ಸ್ಪ್ರಿಂಗಿನ ಒತ್ತಡ ಕೈಗೆ ಏಟು ಮಾಡುವಷ್ಟಿರುತ್ತದೆ. ಆದುದರಿಂದ ಕೆಲಸವನ್ನು ಬಂದೂಕು ರಿಪೇರಿಯಲ್ಲಿ ಪಳಗಿದವರಿಗೇ ಕೊಡಿ. ಬೀಗವನ್ನು ಉಳಿಸಿಕೊಂಡೇ ಅದು ಕೆಲಸ ಮಾಡದಂತೆ ಡ್ರಿಲ್ ಹಾಕಿ ಕೆಡಿಸುವ ದಾರಿಯನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಒಳಗೆ ಉಳಿದ ಲೋಹದ ಚೂರು ಪಿನ್ನಿಗೆ ಅಡ್ಡ ಬಂದೀತು. ತೆಗೆದ ಜೋಡಣೆಯನ್ನು ಕೀಲಿಯ ಸಮೇತ ಜೋಪಾನವಾಗಿಡಿ.

ನೀವು ಕೇಳದ ಒಂದು ವಿಷಯವನ್ನು ನಾನಾಗಿಯೇ ಎತ್ತುತ್ತಿದ್ದೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಬೀಗಕ್ಕಿಂತ ಅದು ದೊಡ್ಡದು. ಜೆ-ಲಾಕ್ ಇರುವ ರೈಫಲ್ಲಿನಲ್ಲಿ, ಹಿಂದಿನ ಮಾಲೀಕರು ಬದಲಾಯಿಸದಿದ್ದರೆ, ವಾಕರ್ ಟ್ರಿಗರ್ ಎಂದು ಕರೆಯುವ ಹಳೆಯ ಜೋಡಣೆಯೇ ಇರುವ ಸಂಭವ ಹೆಚ್ಚು. ಅದರಲ್ಲಿ ಟ್ರಿಗರಿಗೆ ಒತ್ತಿಕೊಂಡು, ಆದರೆ ಅದಕ್ಕೆ ಅಂಟದೆ ಇರುವ ಕನೆಕ್ಟರ್ ಎಂಬ ಸಣ್ಣ ತುಂಡೊಂದಿದೆ. ಧೂಳೋ ಗಟ್ಟಿಯಾದ ಎಣ್ಣೆಯೋ ಸೇರಿ ಅದು ತನ್ನ ಜಾಗಕ್ಕೆ ಮರಳದಿದ್ದರೆ, ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದೆಂಬ ಆರೋಪದ ಮೇಲೆ ಅಮೆರಿಕದ ನ್ಯಾಯಾಲಯಗಳಲ್ಲಿ ಅನೇಕ ದಾವೆಗಳು ನಡೆದವು. ಕಂಪನಿಯು ದೋಷವನ್ನು ಒಪ್ಪಿಕೊಳ್ಳಲಿಲ್ಲ. ಆಮೇಲೆ ಬಂದ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್‌ಗಳಲ್ಲೂ ಜೋಡಣೆಯಲ್ಲಿ ಬಳಸಿದ ಅಂಟು ಹೆಚ್ಚಾಗಿರಬಹುದೆಂದು, 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದವನ್ನು ಕಂಪನಿಯೇ ಹಿಂದಕ್ಕೆ ಕರೆಸಿಕೊಂಡಿತು. ಹೀಗಿರುವಾಗ, ಶ್ರೌಡಿಗೆಂದು ರೈಫಲ್ಲನ್ನು ಬಿಚ್ಚುವ ದಿನವೇ ಟ್ರಿಗರನ್ನೂ ಪರೀಕ್ಷಿಸಿ, ಹಳೆಯದಾಗಿದ್ದರೆ ಒಳ್ಳೆಯ ಹೊಸದೊಂದನ್ನು ಹಾಕಿಸುವಂತೆ ಹೇಳಿ. ಎರಡಕ್ಕೂ ಹಣ ಸಾಲದೆಂದಾದರೆ ಬೀಗವನ್ನು ಇದ್ದಂತೆಯೇ ಬಿಟ್ಟು ಟ್ರಿಗರನ್ನೇ ಬದಲಾಯಿಸಿ.

ನಿಮ್ಮ ಗೆಳೆಯರ ರೈಫಲ್ಲಿನ ವಿಷಯ ಬೇರೆಯೇ. 1962ರಲ್ಲಿ ಬಂದ ಈ ಮಾದರಿಯಲ್ಲಿ, 1982ರವರೆಗೆ, ಸೇಫ್ಟಿಯು ಬೋಲ್ಟನ್ನೂ ಹಿಡಿದಿಡುತ್ತಿತ್ತು; ಕಾಡಿನಲ್ಲಿ ಕೊಂಬೆಗೆ ತಗುಲಿ ಬೋಲ್ಟು ತಾನಾಗಿ ತೆರೆಯದಿರುವುದು ಅದರ ಅನುಕೂಲ. ಆದರೆ ತೋಟಾ ಹೊರತೆಗೆಯಲು ಸೇಫ್ಟಿಯನ್ನು ಬಿಡಿಸಲೇಬೇಕಾಗುತ್ತಿತ್ತು, ಅಂದರೆ ಬಂದೂಕನ್ನು ಬರಿದು ಮಾಡುವ ಹೊತ್ತಿನಲ್ಲೇ ಅದು ಹಾರುವ ಸ್ಥಿತಿಗೆ ಬರುತ್ತಿತ್ತು. 2000ದ ಅಕ್ಟೋಬರಿನಲ್ಲಿ ಮೊಂಟಾನಾ ರಾಜ್ಯದಲ್ಲಿ, ತಾಯಿಯೊಬ್ಬರು ತೋಟಾ ತೆಗೆಯಲೆಂದು ಸೇಫ್ಟಿ ಬಿಡಿಸಿದಾಗ ಗುಂಡು ಹಾರಿ ಅವರ ಒಂಬತ್ತು ವರ್ಷದ ಮಗ ತೀರಿಕೊಂಡನು. ಮುಂದೆ ಹಳೆಯ ರೈಫಲ್ಲುಗಳಿಂದ ಈ ತಡೆಯನ್ನು ತೆಗೆದುಕೊಡುವ ಕಾರ್ಯಕ್ರಮವನ್ನು ಕಂಪನಿಯು ಕೈಗೊಂಡಿತು. ನಿಮ್ಮ ರೈಫಲ್ಲಿನಲ್ಲಿ ಸೇಫ್ಟಿ ಹಾಕಿಕೊಂಡೇ ಬೋಲ್ಟ್ ತೆರೆಯಬಹುದು. ಗೆಳೆಯರು ತಮ್ಮದನ್ನು ಈ ಬಾರಿ ಕಾಡಿಗೆ ಒಯ್ಯುವ ಮೊದಲೇ ಬದಲಾಯಿಸಿಕೊಳ್ಳಲಿ. ಅಲ್ಲಿಯವರೆಗೆ ನಳಿಗೆಯನ್ನು ಜನರಿಲ್ಲದ ಕಡೆ, ನೆಲದತ್ತ ಹಿಡಿಯದೆ ಸೇಫ್ಟಿಯನ್ನು ಮುಟ್ಟಬಾರದು.

ಪ್ರಶ್ನೆ: ನಮ್ಮದು ವಿರಾಜಪೇಟೆ ಸಮೀಪದ ಊರು. ಮನೆಯಲ್ಲಿ ತಾತನವರ ಕಾಲದ, ಲೈಸೆನ್ಸ್ ಇರುವ ಮೌಸರ್ ಮಾದರಿಯ ರೈಫಲ್ ಇದೆ. ಬೋಲ್ಟಿನ ಹಿಂದಿರುವ ಸೇಫ್ಟಿಯ ರೆಕ್ಕೆ ಸಡಿಲವಾಗಿದೆ. ಊರಿನ ಲೇತ್ ಕೆಲಸದವರಿಂದ ಹೊಸದನ್ನು ಮಾಡಿಸಬಹುದೇ?

ಉತ್ತರ: ಮಾಡಿಸಬಾರದು. 1959ರ ಆಯುಧ ಕಾಯ್ದೆಯ 5ನೆಯ ಕಲಮಿನಂತೆ ಬಂದೂಕಿನ ರಿಪೇರಿಗೂ ಪ್ರತ್ಯೇಕ ಲೈಸೆನ್ಸ್ ಬೇಕು. ಅದಿಲ್ಲದವರು ಎಷ್ಟೇ ಕುಶಲಿಗಳಾದರೂ ಬಂದೂಕಿಗೆ ಕೈ ಹಾಕುವಂತಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬಂದೂಕು ಇಟ್ಟುಕೊಳ್ಳುವ ಲೈಸೆನ್ಸಿನಿಂದ 2029ರ ಅಕ್ಟೋಬರ್ 31ರವರೆಗೆ ಇರುವ ವಿನಾಯಿತಿಯೂ ರಿಪೇರಿ ಮಾಡುವವರಿಗೆ ಅನ್ವಯಿಸದು. ಆ ರೆಕ್ಕೆಗೆ ಮೂರು ಸ್ಥಾನಗಳಿವೆ: ಎಡಕ್ಕೆ ಮಲಗಿದ್ದರೆ ಗುಂಡು ಹಾರುತ್ತದೆ, ನೆಟ್ಟಗೆ ನಿಂತಿದ್ದರೆ ಪಿನ್ನು ಮಾತ್ರ ತಡೆಯಲ್ಪಟ್ಟು ಬೋಲ್ಟ್ ತೆರೆಯುತ್ತದೆ, ಬಲಕ್ಕೆ ಮಲಗಿಸಿದರೆ ಎರಡೂ ಬಂದಾಗುತ್ತವೆ. ಕಾಕಿಂಗ್ ಪೀಸನ್ನು ಹಿಡಿದಿಡುವ ಅದರ ಅಂಚು ಸವೆದಿದ್ದರೆ, ಸೇಫ್ಟಿ ಹಾಕಿದಂತೆ ಕಂಡರೂ ಹಾಕಿದಂತಾಗದು. ಲೈಸೆನ್ಸ್ ಪುಸ್ತಕದ ಜೊತೆ ರೈಫಲ್ಲನ್ನು ಅಧಿಕೃತ ಬಂದೂಕು ವ್ಯಾಪಾರಿಗಳಿಗೆ ಒಪ್ಪಿಸಿ ರಸೀದಿ ಪಡೆಯಿರಿ. ರಿಪೇರಿಯಾಗಿ ಬರುವವರೆಗೆ ಅದಕ್ಕೆ ತೋಟಾ ತುಂಬಬೇಡಿ.