ನುಡಿ ಟಿಪ್ಪಣಿ, ಶಾಸನಪಾಠ, ಪಾಠದ ಆಡಿಯೊ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವರ್ಷಗಟ್ಟಲೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ತರಗತಿ ಟಿಪ್ಪಣಿಗಳಿವೆ. ವಿದ್ಯಾರ್ಥಿಗಳ ಮೊಬೈಲಿಗೆ ಕಳಿಸಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಏನು ಮಾಡಲಿ?
– ಕನ್ನಡ ಅಧ್ಯಾಪಕರು, ಚಿತ್ರದುರ್ಗ

ಉತ್ತರ: ಹಳೆಯ ನುಡಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಫಾಂಟ್ ಅವುಗಳ ಮೇಲೆ ಕನ್ನಡದ ರೂಪ ತೊಡಿಸಿರುತ್ತದೆ. ಮೊಬೈಲಿನಲ್ಲಿ ಆ ಫಾಂಟ್ ಇಲ್ಲದ ಕಾರಣ ಒಳಗಿನದು ಹಾಗೇ ಕಾಣುತ್ತದೆ. ಪಿಡಿಎಫ್ ಮಾಡಿ ಕಳಿಸಿದರೆ ಓದಲು ಬರುತ್ತದೆ, ಆದರೆ ಹುಡುಕಲು, ನಕಲಿಸಲು ಬರುವುದಿಲ್ಲ. ಆದ್ದರಿಂದ ಇಂದಿನ ಮೊಬೈಲು, ಕಂಪ್ಯೂಟರುಗಳೆಲ್ಲ ಗುರುತಿಸುವ ಅಕ್ಷರಸಂಕೇತವಾದ ಯೂನಿಕೋಡ್‌ಗೆ ಬದಲಿಸುವುದೇ ಸರಿ.

ಮೊದಲು ಫೈಲಿನ ಒಂದು ಪ್ರತಿ ತೆಗೆದಿಡಿ. ಹೀಗೆ ಬದಲಿಸಿಕೊಡುವ ತಂತ್ರಾಂಶಕ್ಕೆ (ಪರಿವರ್ತಕ) ಇಂಗ್ಲಿಷ್ ಪದ ಯಾವುದು, ನುಡಿಯ ಸಂಕೇತ ಯಾವುದು ಎಂದು ಗೊತ್ತಾಗುವುದಿಲ್ಲ. ನಡುವೆ ಬಂದ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಅದಕ್ಕೇ ಮೂಲ ಪ್ರತಿಯಲ್ಲಿ ಇಂಗ್ಲಿಷ್ ಭಾಗಗಳಿಗೆ ಕೆಂಪು ಬಣ್ಣ ಕೊಟ್ಟಿಡಿ, ತಿದ್ದುವಾಗ ಪಕ್ಕದಲ್ಲಿ ತೆರೆದಿರಲಿ. ಅಡಿಟಿಪ್ಪಣಿ ಮತ್ತು ಕೋಷ್ಟಕಗಳನ್ನು ಬೇರೆಯಾಗಿಯೇ ಬದಲಿಸಿ. ಕರಡು ತಿದ್ದುವಾಗ ಅರ್ಕಾವತ್ತು (ಧರ್ಮ, ಸೂರ್ಯ), ದೀರ್ಘ, ಎರಡು ಒತ್ತಿರುವ ಪದಗಳನ್ನು (ಶಾಸ್ತ್ರ, ರಾಷ್ಟ್ರ) ಮೊದಲು ನೋಡಿ. ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗಿರಬಹುದು. ಎರಡು ಅಕ್ಷರ ಕೂಡದಂತೆ ತಡೆಯುವ ಅದೃಶ್ಯ ಚಿಹ್ನೆ ಬಿಟ್ಟುಹೋದಾಗ ಹೀಗಾಗುತ್ತದೆ.

ಪ್ರಶ್ನೆ: ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟದಿಂದ ಹರಿಹರ, ದಾವಣಗೆರೆ ಸುತ್ತಿನ ಶಾಸನಪಾಠಗಳ ಫೋಟೊ ತೆಗೆದು ಗೂಗಲ್ ಡಾಕ್ಸ್‌ನಲ್ಲಿ ಪಠ್ಯ ಮಾಡಿಕೊಂಡೆ. ಕಣ್ಣೆದುರೇ ಇರುವ ‘ದಂಡನಾಯಕ’ ಹುಡುಕಿದರೆ ಸಿಗುತ್ತಿಲ್ಲ.
– ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬಹುಪಾಲು ಇದು ಸೊನ್ನೆಯ ಕಾಟ. ಅನುಸ್ವಾರ ‘ಂ’ ಇರಬೇಕಾದಲ್ಲಿ ಕನ್ನಡದ ಅಂಕಿ ‘೦’ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಾಗೆಂದು ಎಲ್ಲ ‘೦’ಗಳನ್ನೂ ಒಟ್ಟಿಗೆ ಬದಲಿಸಿದರೆ ಶಕವರ್ಷ ೧೦೨೦ ಕೆಟ್ಟುಹೋಗುತ್ತದೆ. ಲಿಬ್ರೆ ಆಫೀಸ್ ರೈಟರ್‌ನ ‘ಫೈಂಡ್ ಅಂಡ್ ರಿಪ್ಲೇಸ್’ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ಸ್ ಆಯ್ದು, ಹುಡುಕುವಲ್ಲಿ ([^೦-೯ .])೦ ಎಂದೂ ಬದಲಿಸುವಲ್ಲಿ $1ಂ ಎಂದೂ ಕೊಡಿ. ಅಂಕಿ, ಖಾಲಿ ಜಾಗ, ಚುಕ್ಕಿ ಇವುಗಳ ನಂತರ ಬಂದ ಸೊನ್ನೆ ಹಾಗೇ ಉಳಿಯುತ್ತದೆ, ಮಿಕ್ಕದ್ದು ಅನುಸ್ವಾರವಾಗುತ್ತದೆ. ಮೊದಲ ಹತ್ತು ಕಡೆ ಒಂದೊಂದಾಗಿ ಬದಲಿಸಿ ನೋಡಿ, ಆಮೇಲೆ ಎಲ್ಲವನ್ನೂ ಬದಲಿಸಿ.

ಇನ್ನು ಹಳಗನ್ನಡದ ಅಕ್ಷರಗಳಾದ ಱ, ೞ. ಯಂತ್ರ ಇವನ್ನು ಬೇರೆ ಅಕ್ಷರವಾಗಿ ಓದಿಬಿಡುವುದುಂಟು. ಯೂನಿಕೋಡ್‌ನಲ್ಲಿ ಎರಡೂ ಇವೆ, ಹಾಗಾಗಿ ಅಚ್ಚಿನ ಪುಟ ಎದುರಿಗಿಟ್ಟುಕೊಂಡು ಕೈಯಾರೆ ಹಾಕಿ. ಶಾಸನದ ಕಾಲ, ಭಾಷೆಯನ್ನು ಚರ್ಚಿಸುವವರಿಗೆ ಇವು ಸಾಕ್ಷ್ಯ, ಇಲ್ಲಿ ಅವಸರ ಬೇಡ. ತಾಲ್ಲೂಕು ಮತ್ತು ಶಾಸನ ಸಂಖ್ಯೆ ಪ್ರತಿ ಪಾಠದ ಮೊದಲ ಸಾಲಿನಲ್ಲೇ ಇರಲಿ. ಫೋಟೊ ಸ್ಪಷ್ಟವಿದ್ದಷ್ಟೂ ತಪ್ಪು ಕಡಿಮೆ: ಪುಟವನ್ನು ಸಮತಟ್ಟಾಗಿಟ್ಟು, ನೆರಳು ಬೀಳದಂತೆ ನೇರ ಮೇಲಿನಿಂದ ತೆಗೆಯಿರಿ. ಸ್ಕ್ಯಾನರ್ ಇದ್ದರೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಸಾಕು.

ಪ್ರಶ್ನೆ: ಮೊಳಕಾಲ್ಮೂರು ಕಡೆಯ ಹಳ್ಳಿಗಳ ವಿದ್ಯಾರ್ಥಿಗಳಿಗೆ ಪಾಠದ ವಿಡಿಯೊ ಡೌನ್‌ಲೋಡ್ ಆಗುವುದೇ ಇಲ್ಲ. ಬೇರೆ ದಾರಿ ಇದೆಯೇ?
– ಅತಿಥಿ ಉಪನ್ಯಾಸಕರು, ಚಳ್ಳಕೆರೆ

ಉತ್ತರ: ಆಡಿಯೊ ಕಳಿಸಿ. 32 ಕೆಬಿಪಿಎಸ್ (ಸೆಕೆಂಡಿಗೆ 32 ಕಿಲೋಬಿಟ್), ಮೋನೊದಲ್ಲಿ (ಒಂದೇ ಧ್ವನಿವಾಹಿನಿ) ಉಳಿಸಿದರೆ ನಿಮಿಷಕ್ಕೆ 240 ಕೆಬಿ. 40 ನಿಮಿಷದ ಪಾಠ 10 ಎಂಬಿ ದಾಟುವುದಿಲ್ಲ. ಅದೇ ಪಾಠದ ವಿಡಿಯೊ 500 ಕೆಬಿಪಿಎಸ್‌ನಲ್ಲಿದ್ದರೂ 150 ಎಂಬಿ ಆಗುತ್ತದೆ. ಬೋರ್ಡಿನ ಮೇಲೆ ಬರೆದದ್ದನ್ನು ಎರಡು ಮೂರು ಪುಟದ ಪಿಡಿಎಫ್ ಮಾಡಿ ಜೊತೆಗೆ ಕಳಿಸಿ, ಮಾತಿನಲ್ಲಿ ‘ಎರಡನೇ ಪುಟ ನೋಡಿ’ ಎಂದು ಹೇಳುತ್ತಾ ಹೋಗಿ.