ಮೊದಲ ಲೂಪ್‌ಗೆ ಮೆದು ಟ್ಯೂಬೇ ಸಾಕು

ಕಂಪ್ಯೂಟರ್‌ಗೆ ಇದೇ ಮೊದಲ ವಾಟರ್ ಕೂಲಿಂಗ್ ಲೂಪ್ (ನೀರು ಸುತ್ತುತ್ತಾ ಚಿಪ್ ತಂಪು ಮಾಡೋ ಕೊಳವೆ ಸುತ್ತು), ಗ್ರಾಫಿಕ್ಸ್ ಕಾರ್ಡ್ ಆಗಾಗ ಬದಲಿಸ್ತೀನಿ, ಗಟ್ಟಿ ಟ್ಯೂಬ್ ಹಾಕಿದ್ರೆ ತಾಪಮಾನ ಇಳಿಯುತ್ತಾ ಅಂತ ಕೇಳಿದ್ದೀರಿ. ಇಳಿಯಲ್ಲ. ಶಾಖ ಹೊರಹಾಕೋದು ರೇಡಿಯೇಟರ್, ಟ್ಯೂಬ್ ಬರೀ ದಾರಿ.

ನಿಮಗೆ ಮೆದುವೇ ಸರಿ. ಒಳವ್ಯಾಸ 10, ಹೊರವ್ಯಾಸ 16 ಮಿ.ಮೀ. ಇರೋದು ತಗೊಳ್ಳಿ, 10/13ಕ್ಕಿಂತ ಗೋಡೆ ದಪ್ಪ, ತಿರುವಿನಲ್ಲಿ ಬೇಗ ಮಡಚಿಕೊಳ್ಳಲ್ಲ. ಕಂಪ್ರೆಶನ್ ಫಿಟ್ಟಿಂಗ್ (ಕಾಲರ್ ತಿರುಗಿಸಿ ಟ್ಯೂಬ್ ಬಿಗಿಯೋ ಜೋಡಣೆ) ಕೂಡ 10/16ದೇ ಆಗಬೇಕು, 10/13ರ ಕಾಲರ್ ಅದರ ಮೇಲೆ ಕೂರೋದೇ ಇಲ್ಲ. ಅಗ್ಗದ ಪಾರದರ್ಶಕ ಪಿವಿಸಿಯಿಂದ ಪ್ಲಾಸ್ಟಿಸೈಜರ್ (ಮೆದುವಾಗಲಿ ಅಂತ ಬೆರೆಸಿದ ರಾಸಾಯನಿಕ) ಬಿಟ್ಟುಕೊಂಡು ಟ್ಯೂಬ್ ಮಂಕಾಗುತ್ತೆ, ಆ ಜಿಡ್ಡು ಚಿಪ್ ಮೇಲೆ ಕೂರೋ ವಾಟರ್‌ಬ್ಲಾಕಿನ ಸಣ್ಣ ಸೀಳುಗಳಲ್ಲಿ ಕಟ್ಟಿಕೊಳ್ಳುತ್ತೆ. ಕಪ್ಪು ಇಪಿಡಿಎಂ ರಬ್ಬರ್‌ಗೆ ಆ ಕಾಟ ಇಲ್ಲ. ನೋಡೋಕೆ ತೋಟದ ಪೈಪ್ ಥರ ಇರುತ್ತೆ, ಅಷ್ಟೇ.

ಗಟ್ಟಿದೇ ಬೇಕು ಅಂದ್ರೆ, ಪಿಇಟಿಜಿ ಅನ್ನೋ ಪ್ಲಾಸ್ಟಿಕ್ ಬಗ್ಗಿಸೋದು ಸುಲಭ. ಆದ್ರೆ ಪಂಪ್ ನಿಂತು ನೀರು 60 ಡಿಗ್ರಿ ದಾಟಿದ್ರೆ ಮೆತ್ತಗಾಗಿ ಫಿಟ್ಟಿಂಗ್‌ನಿಂದ ಜಾರೋ ಅಪಾಯ ಇದೆ. ಅಕ್ರಿಲಿಕ್ ಹೆಚ್ಚು ಶಾಖ ತಡೆಯುತ್ತೆ, ಕತ್ತರಿಸುವಾಗ ಬಿರುಕು ಬಿಡುತ್ತೆ. ಎರಡರಲ್ಲೂ ತುದಿಯ ಅಂಚನ್ನ ಒಳಗೂ ಹೊರಗೂ ಉಜ್ಜಿ ನಯ ಮಾಡಿ. ಚೂಪಾಗಿದ್ರೆ ಫಿಟ್ಟಿಂಗ್ ಒಳಗಿನ ರಬ್ಬರ್ ಓ-ರಿಂಗ್ ಕೊಯ್ದು ಸೋರುತ್ತೆ. ಕಾರ್ಡ್ ಬದಲಾದಾಗ ಬ್ಲಾಕಿನ ಪೋರ್ಟ್ ಅರ್ಧ ಸೆಂಟಿಮೀಟರ್ ಸರಿದ್ರೂ ಹೊಸ ಟ್ಯೂಬ್ ಬಗ್ಗಿಸಬೇಕು.

ಯಾವುದೇ ಹಾಕಿ, ಲೂಪಿನ ಅತಿ ತಗ್ಗಿನ ಜಾಗದಲ್ಲಿ ಒಂದು ಡ್ರೇನ್ ವಾಲ್ವ್ ಇರಲಿ.