ಬಾಗಿಲಿಗೆ ಸೌದೆ ತಂದಿಟ್ಟವನು

ತಂಗೀ,

ಮ್ಯಾಂಚೆಸ್ಟರಿಗೆ ಬಂದು ಇನ್ನೂ ತಿಂಗಳಾಗಿಲ್ಲ, ಎಂ.ಎ. ತರಗತಿಯಲ್ಲಿ ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಕಾದಂಬರಿ ಶುರುವಾಗಿದೆ, ನೀನು ಪಾರ್ಟ್‌ಟೈಮ್ ಹೋಗುವ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹುಡುಗನಿಗೆ ಈ ದೇಶದಲ್ಲಿರಲು ಅನುಮತಿಯ ಪೇಪರ್ ಇಲ್ಲವಂತೆ ಎಂದು ಬರೆದಿದ್ದೀಯ. ಆ ಕಾದಂಬರಿಯ ರಾಕ್ಷಸನನ್ನು ಇಂಥವರಿಗೆ ಹೋಲಿಸಿ ಪ್ರಬಂಧ ಬರೆಯಬಹುದಾ, ಈ ಹುಡುಗನ ಜೊತೆ ಮಾತುಕತೆ ಇಟ್ಟುಕೊಂಡರೆ ವೀಸಾಗೆ ತೊಂದರೆಯಾ ಎಂದು ಕೇಳಿದ್ದೀಯ.

ಪ್ರಬಂಧ ಧಾರಾಳವಾಗಿ ಬರಿ. ಆದರೆ ವಿಜ್ಞಾನಿ ಅವನನ್ನು ಸೃಷ್ಟಿಸುವ ಪ್ರಯೋಗಶಾಲೆಯಿಂದ ಶುರು ಮಾಡಬೇಡ, ನಡುಭಾಗದ ಗುಡಿಸಲಿಗೆ ಹೋಗು. 1818ರ ಆ ಕಾದಂಬರಿಯಲ್ಲಿ ಹೆಸರೇ ಇಲ್ಲದ ಆ ಜೀವ ಡಿ ಲೇಸಿ ಎಂಬ ಬಡ ಕುಟುಂಬದ ಮನೆಗೆ ಅಂಟಿಕೊಂಡ ಗೂಡಿನಲ್ಲಿ ಅಡಗಿರುತ್ತದೆ. ನೋಡಲು ಒಂದು ಸಣ್ಣ ಬಿರುಕು, ಅಷ್ಟೇ. ಮೊದಲು ಅವರ ಊಟದಲ್ಲಿ ಕದಿಯುತ್ತಾನೆ. ಅವರೇ ಅರೆಹೊಟ್ಟೆಯಲ್ಲಿದ್ದಾರೆಂದು ಗೊತ್ತಾದ ಮೇಲೆ ಬಿಟ್ಟು, ಕಾಡಿನ ಹಣ್ಣು, ಬೇರು ತಿಂದುಕೊಂಡಿರುತ್ತಾನೆ. ರಾತ್ರಿ ಆ ಮನೆಯ ಮಗನ ಹತಾರಗಳನ್ನೇ ಒಯ್ದು ಸೌದೆ ಕಡಿದು ತಂದಿಡುತ್ತಾನೆ. ಹಿಮ ಬಿದ್ದರೆ ದಾರಿ ಬಿಡಿಸುತ್ತಾನೆ. ಮನೆಯವರು ಯಾವುದೋ ಒಳ್ಳೆಯ ಶಕ್ತಿಯ ಕೆಲಸ ಅಂದುಕೊಳ್ಳುತ್ತಾರೆ. ಸೌದೆ ಬೇಕು, ತಂದವನ ಮುಖ ಬೇಡ. ನಿನ್ನ ಹೋಟೆಲಿನ ಹಿಂಬಾಗಿಲಲ್ಲಿ ನಡೆಯುತ್ತಿರುವುದೂ ಇದೇ.

ಸಾಫಿಯನ್ನು ಮರೆಯಬೇಡ. ಭಾಷೆ ಬಾರದ ಆ ಪರದೇಶದ ಹುಡುಗಿಗೆ ಆ ಮನೆಯ ಮಗ ಫೆಲಿಕ್ಸ್ ಒಳಗೆ ಪಾಠ ಹೇಳುತ್ತಾನೆ. ಅದೇ ಪಾಠವನ್ನು ಗೋಡೆಯಾಚೆ ಇವನು ಅವಳಿಗಿಂತ ಬೇಗ ಕಲಿಯುತ್ತಾನೆ. ಫೆಲಿಕ್ಸ್‌ನ ಕಣ್ಣು ಕಾಣದ ಮುದಿ ತಂದೆ ಇವನ ಮಾತನ್ನು ಮರುಕದಿಂದ ಕೇಳುತ್ತಾನೆ. ಅಷ್ಟರಲ್ಲಿ ಬಂದ ಮಗ ಕೋಲು ತೆಗೆದುಕೊಂಡು ಬಡಿಯುತ್ತಾನೆ. ಆ ಕುಟುಂಬವೇ ಫ್ರಾನ್ಸಿನಿಂದ ಗಡೀಪಾರಾಗಿ ಬಂದದ್ದು! ಆದರೂ ಹೊಡೆದು ಓಡಿಸಿದವರು ಅವರೇ, ಯಾವ ಪೊಲೀಸೂ ಬರಲಿಲ್ಲ. ನಿನ್ನ ವಾದ ಇದರ ಮೇಲೆ ನಿಲ್ಲಬೇಕು.

1897ರ ಕಾದಂಬರಿಯ ರಕ್ತ ಹೀರುವ ಡ್ರಾಕುಲಾನನ್ನು ಇದೇ ಸಾಲಿಗೆ ಸೇರಿಸಬೇಡ. ಅವನು ವಕೀಲರ ಮೂಲಕ ಮನೆ ಕೊಂಡು, ಐವತ್ತು ಪೆಟ್ಟಿಗೆ ಮಣ್ಣಿಗೆ ಸಾಗಣೆ ಕಾಗದ ಮಾಡಿಸಿ ಇಂಗ್ಲೆಂಡಿನ ವಿಟ್ಬಿ ಬಂದರಿನಲ್ಲಿ ಇಳಿದವನು. ಹೊರಗಿನವರ ಬಗ್ಗೆ ಇಲ್ಲಿನವರಿಗಿದ್ದ ಭಯಕ್ಕೆ ಅವನು ಸಾಕ್ಷಿ. ಹೊರದೇಶದವರು ಬರುವುದಕ್ಕೆ ಕಡಿವಾಣ ಹಾಕಿದ 1905ರ ಏಲಿಯನ್ಸ್ ಕಾಯ್ದೆಯ ಜೊತೆ ಇಟ್ಟು ಓದು.

ಈಗಿನ ಕಾನೂನೂ ಡಿ ಲೇಸಿ ಮನೆಯಂತೆಯೇ ಕೆಲಸ ಮಾಡುತ್ತದೆ. 2014 ಮತ್ತು 2016ರ ವಲಸೆ ಕಾಯ್ದೆಗಳು ಮನೆ ಮಾಲೀಕರು, ಬ್ಯಾಂಕಿನವರ ಕೈಗೂ ತಪಾಸಣೆ ಕೊಟ್ಟವು; ಕೆಲಸ ಕೊಡುವವರ ಮೇಲೆ ಅದು ಮೊದಲೇ ಇತ್ತು. ಪೇಪರ್ ಇಲ್ಲದವರನ್ನು ಕೆಲಸಕ್ಕಿಟ್ಟುಕೊಂಡರೆ ಮೊದಲ ಸಲಕ್ಕೇ ತಲೆಗೆ 45,000 ಪೌಂಡ್‌ವರೆಗೆ ದಂಡ, ಮನೆ ಬಾಡಿಗೆಗೆ ಕೊಟ್ಟರೆ 10,000ದವರೆಗೆ. ಈ ಹೆದರಿಕೆಗೆ ಸರಿಯಾದ ವೀಸಾ ಇದ್ದವರಿಗೂ, ಹೆಸರು ಪರದೇಶದ್ದಾದರೆ, ಮನೆ ಸಿಗುವುದು ಕಷ್ಟ. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಬಾಡಿಗೆ ತಪಾಸಣೆಯನ್ನು ಎತ್ತಿಹಿಡಿದರೂ ಅದರಿಂದ ತಾರತಮ್ಯ ಆಗುತ್ತಿದೆ ಎಂಬುದನ್ನು ಒಪ್ಪಿಕೊಂಡಿತು. ನಮ್ಮ ಕಡೆ ದೆವ್ವ ಬಾರದಿರಲಿ ಎಂದು ಬಾಗಿಲ ಮೇಲೆ ‘ನಾಳೆ ಬಾ’ ಬರೆಯುತ್ತಿದ್ದರಲ್ಲ, ಹಾಗೆ ಪೇಪರ್ ಇಲ್ಲದವರನ್ನು ಬಾಗಿಲಿಂದ ಬಾಗಿಲಿಗೆ ಅಲೆಸುತ್ತಾರೆ. ದೆವ್ವಕ್ಕೆ ಚಳಿ ಇಲ್ಲ, ಇವರಿಗೆ ಜನವರಿಯ ಚಳಿ ಇದೆ.

ಆ ಹುಡುಗನ ಜೊತೆ ಮಾತಾಡು, ಊಟಕ್ಕೆ ಕರಿ, ಸ್ನೇಹ ಅಪರಾಧವಲ್ಲ. ಆದರೆ ನಿನ್ನ ರೂಮಿನಲ್ಲಿ ಜಾಗ ಕೊಟ್ಟು ಬಾಡಿಗೆ ತೆಗೆದುಕೊಳ್ಳಬೇಡ. ದುಡ್ಡು ಪಡೆದರೆ ಕಾನೂನಿನ ಕಣ್ಣಲ್ಲಿ ನೀನೇ ಮಾಲೀಕಳು, ಜೊತೆಯಲ್ಲಿ ಇಟ್ಟುಕೊಂಡವರಿಗೆ ದಂಡ ಕಡಿಮೆಯಾದರೂ 5,000 ಪೌಂಡ್‌ವರೆಗೆ ನಿನ್ನ ಮೇಲೆ ಬೀಳುತ್ತದೆ. ನಿನ್ನ ಶೇರ್ ಕೋಡ್ (ವೀಸಾ ಹಕ್ಕನ್ನು ಆನ್‌ಲೈನಿನಲ್ಲಿ ತೋರಿಸುವ ಸಂಕೇತ), ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಯಾರಿಗೂ ಎರವಲು ಬೇಡ. ಅವನ ಅರ್ಜಿಯನ್ನೂ ನೀನು ತುಂಬಬೇಡ: ನೋಂದಣಿ ಇಲ್ಲದೆ ವಲಸೆ ಸಲಹೆಯನ್ನು ಕಸುಬಾಗಿ ಕೊಡುವುದು ಇಲ್ಲಿ ಅಪರಾಧ, ಅದು ಬಲ್ಲವರ ಕೆಲಸ. ವಲಸೆ ಸಲಹೆಗಾರರನ್ನು ನೋಂದಾಯಿಸುವ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯ ಪಟ್ಟಿಯಲ್ಲಿರುವವರ ಬಳಿ ಅಥವಾ ಸಾಲಿಸಿಟರ್ (ವಕೀಲ) ಬಳಿ ಕಳಿಸು.

ಇಷ್ಟನ್ನು ಅವನಿಗೆ ತಪ್ಪದೆ ತಿಳಿಸು, ಎಷ್ಟೋ ಜನ ಗೊತ್ತಿಲ್ಲದೆ ಕಾಯಿಲೆ ಮುಚ್ಚಿಟ್ಟುಕೊಂಡು ನರಳುತ್ತಾರೆ. ಇಂಗ್ಲೆಂಡಿನಲ್ಲಿ ಜಿಪಿ, ಅಂದರೆ ಬಡಾವಣೆಯ ವೈದ್ಯರ ಬಳಿ ಹೆಸರು ಬರೆಸಲು ಪಾಸ್‌ಪೋರ್ಟ್, ವೀಸಾ, ವಿಳಾಸದ ಪುರಾವೆ ಯಾವುದೂ ಕಡ್ಡಾಯವಲ್ಲ. ಆಸ್ಪತ್ರೆಯ ಎ ಅಂಡ್ ಇ (ತುರ್ತು) ವಿಭಾಗದ ಚಿಕಿತ್ಸೆ ಉಚಿತ, ಕ್ಷಯದಂಥ ಅಂಟುರೋಗಕ್ಕೂ ಉಚಿತ. ಆದರೆ ಅಲ್ಲಿಂದ ವಾರ್ಡಿಗೆ ಸೇರಿಸಿಕೊಂಡರೆ ಸಾಮಾನ್ಯವಾಗಿ ಮಾಮೂಲಿ ದರದ ಒಂದೂವರೆಪಟ್ಟು ಬಿಲ್ ಬರುತ್ತದೆ. 500 ಪೌಂಡ್ ಬಾಕಿ ಎರಡು ತಿಂಗಳು ದಾಟಿದರೆ ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ಹೋಮ್ ಆಫೀಸಿಗೆ ಸುದ್ದಿ ಹೋಗಬಹುದು. ಬಿಲ್ ಬಂದ ಕೂಡಲೇ ಕಂತು ಕೇಳಬೇಕು.

ನಿನ್ನ ವಿಷಯ. ಪೇಪರ್ ಇಲ್ಲದವರಲ್ಲಿ ಎಷ್ಟೋ ಮಂದಿ ನಿನ್ನ ಹಾಗೆ ವಿಮಾನದಲ್ಲಿ, ವೀಸಾ ಹಿಡಿದೇ ಬಂದವರು. ತರಗತಿ ನಡೆಯುವಾಗ ಯಾವುದೇ ವಾರ 20 ಗಂಟೆ ಮೀರಬೇಡ. ಸರಾಸರಿ ಲೆಕ್ಕ ನಡೆಯದು. ಕೋರ್ಸ್ ಬಿಟ್ಟರೆ ವಿಶ್ವವಿದ್ಯಾಲಯ ವರದಿ ಮಾಡುತ್ತದೆ, ಆಮೇಲೆ ವೀಸಾ ಸಾಮಾನ್ಯವಾಗಿ 60 ದಿನವಷ್ಟೇ ಉಳಿಯುತ್ತದೆ. ಮುಂದಿನ ವೀಸಾಗೆ ಈಗಿನದು ಮುಗಿಯುವ ಮುಂಚೆ ಅರ್ಜಿ ಹಾಕಿದರೆ, ತೀರ್ಮಾನ ಬರುವವರೆಗೆ ಈಗಿನ ಹಕ್ಕುಗಳು ಹಾಗೇ ಇರುತ್ತವೆ. ಮುಗಿದ ಮಾರನೇ ದಿನ ಹಾಕಿದರೆ ಅಷ್ಟೂ ಹೋಯಿತು. ಇವತ್ತೇ ಇ-ವೀಸಾ ಖಾತೆ ತೆರೆದು ಕೊನೆಯ ದಿನಾಂಕ ನೋಡಿ, ಮೂರು ತಿಂಗಳು ಮೊದಲಿಗೆ ಫೋನಿನಲ್ಲಿ ಅಲಾರಂ ಇಟ್ಟುಕೋ.